ಟೀವಿಯೊಳಗಿನಾಕಿ ಮತ್ತು ನಮ್ಮ ನೀಲಾ

ನನಗೆ ಕೂತಲ್ಲಿ ಕೂಡ್ರಲು ಬರುವುದಿಲ್ಲ. ಕೂತರೆ ಕಾಲು ಅಲ್ಲಾಡುತ್ತದೆ. ಮೊದಲು ಬಲಗಾಲು, ಅದು ದಣಿದ ಮೇಲೆ ಎಡಗಾಲು. ಅಲ್ಲಾಡಿಸುತ್ತಿರುವವನು ನಾನೇ ಎಂಬುದು ಎದುರಿಗಿದ್ದವರು ಹೇಳಿದ ಮೇಲೆಯೇ ನನಗೆ ತಿಳಿಯುವುದು. ನಮ್ಮವ್ವ ಬದುಕಿರುವತನಕ ಮೊಣಕಾಲ ಮೇಲೊಂದು ಪೆಟ್ಟು ಕೊಟ್ಟು, "ಕಾಲ ಅಳ್ಳಾಡಸಬ್ಯಾಡಲೇ, ಮನ್ಯಾಗಿನ ಲಕ್ಷ್ಮಿ ಎದ್ದು ಹೋಗ್ತಾಳ" ಎನ್ನುತ್ತಿದ್ದಳು. ಲಕ್ಷ್ಮಿ ನಮ್ಮ ಮನೆಗೆ ಬಂದು ಕೂತದ್ದನ್ನೇ ನಾನು ನೋಡಿರಲಿಲ್ಲ. ಎದ್ದು ಹೋಗುವ ಮಾತು ಆಮೇಲಿನದು.

ಈ ಕಾಲಿಗೆ ತಕ್ಕ ಉದ್ಯೋಗವೇ ಸಿಕ್ಕಿತೆನ್ನಿ. ಮನೆ ಜಮಖಂಡಿಯಲ್ಲಿ, ಗಿರಾಕಿಗಳು ಬನಹಟ್ಟಿಯಲ್ಲಿ. ಪಾವರ್‌ಲೂಮಿಗೆ ಬೇಕಾಗುವ ಲಾಳಿ, ಬೆಲ್ಟು, ನಟ್ಟು, ಬೋಲ್ಟು ಎಲ್ಲವನ್ನೂ ಸ್ಕೂಟರಿಗೆ ಕಟ್ಟಿಕೊಂಡು ಓಣಿ ಓಣಿ ತಿರುಗುತ್ತೇನೆ. ಮುಧೋಳಕ್ಕೆ ಹೋಗಬೇಕೆಂದು ಹೊರಟವನು ನಡುವೆಯೇ ಬೀಳಗಿಯ ಗೆಳೆಯನ ನೆನಪಾಗಿ ಆ ಕಡೆ ಹೊರಳಿದ್ದೂ ಉಂಟು. ನನ್ನ ಹೆಂಡತಿ ಊಟಕ್ಕೆ ಬಡಿಸುವ ಮುನ್ನ ನನ್ನ ಸ್ಕೂಟರ್ ಕೀಲಿ ಎತ್ತಿ ಗೋಡೆಯ ಮಾಡದಲ್ಲಿ ಇಡುತ್ತಾಳೆ.

ಮೊನ್ನೆ ಬನಹಟ್ಟಿಯಲ್ಲಿ ಅಕ್ಕನ ಮನೆಯ ಕಟ್ಟೆಯ ಮೇಲೆ ಕೂತಿದ್ದೆ. ಪಕ್ಕದಲ್ಲಿ ಅಕ್ಕನ ಮಗಳು ನೀಲಾ. ಇಪ್ಪತ್ತೆರಡರ ಹುಡುಗಿ. ನಾನು ಕಾಲು ಅಲ್ಲಾಡಿಸುತ್ತಿದ್ದೆ, ಅವಳು ಮೈಯನ್ನು ಹಿಂದಕ್ಕೂ ಮುಂದಕ್ಕೂ ತೂಗುತ್ತಿದ್ದಳು. ಓಣಿಗೆ ಹೊಸದಾಗಿ ಬಾಡಿಗೆ ಬಂದ ಹೆಣ್ಣುಮಗಳೊಬ್ಬಳು ನಿಂತು ನಮ್ಮಿಬ್ಬರನ್ನೂ ನೋಡಿದಳು. ನೀಲಾಳನ್ನು ನೋಡಿ, "ಅಯ್ಯ, ಪಾಪ" ಎಂದಳು. ನನ್ನ ಕಡೆ ತಿರುಗಿ, "ಬಸ್ಸಿಗೆ ಹೊತ್ತಾತೇನ್ರಿ ಅಣ್ಣಾರ?" ಎಂದಳು.

ಅಲ್ಲ, ನೀವೇ ಹೇಳಿ. ಅಲ್ಲಾಡುತ್ತಿದ್ದವರು ಇಬ್ಬರೂ. ಒಬ್ಬಳಿಗೆ ಪಾಪ, ಒಬ್ಬನಿಗೆ ಬಸ್ಸು. ಅಂದಿನಿಂದ ನನ್ನ ತಲೆ ನಿಂತಲ್ಲಿ ನಿಲ್ಲುತ್ತಿಲ್ಲ. ಹೋದ ವರ್ಷ ನೀಲಾಳ ಲಗ್ನದ ಮಾತು ಎದ್ದಾಗ ಹೀಗೆಯೇ ಆಗಿತ್ತು. ಅದನ್ನು ಹೇಳಿಬಿಟ್ಟರೆ ಸ್ವಲ್ಪ ಹಗುರಾದೇನು.

ನೀಲಾಳಿಗೆ ಸಣ್ಣಂದಿನಿಂದ ಮಾತು ಬರಲಿಲ್ಲ. ಹೆಸರು ಹಿಡಿದು ಕರೆದರೆ ತಿರುಗಿ ನೋಡುತ್ತಿರಲಿಲ್ಲ. ಅಕ್ಕ ಮತ್ತು ಭಾವ ಬೆಳಗಾವಿಗೆ ಕರೆದುಕೊಂಡು ಹೋದರು. ಅಲ್ಲಿಯ ಡಾಕ್ಟರು ಇದಕ್ಕೆ ಆಟಿಸಂ ಅನ್ನುತ್ತಾರೆ, ಜ್ವರದ ಹಾಗೆ ಬಂದು ಹೋಗುವಂಥದಲ್ಲ, ಹುಡುಗಿ ಇರುವುದೇ ಹೀಗೆ, ಕಲಿಸಿದರೆ ನಿಧಾನವಾಗಿ ಒಂದಿಷ್ಟು ಕಲಿಯುತ್ತಾಳೆ ಎಂದರು. ಅಕ್ಕ ಆ ಶಬ್ದವನ್ನು ಜೋಪಾನವಾಗಿ ತಂದು ಓಣಿಗೆ ಹೇಳಿದಳು. ಓಣಿಗೆ ಅದು ರುಚಿಸಲಿಲ್ಲ. "ಅಕಿ ಹಂಗಽ ಬಿಡ್ರಿ" ಎಂದು ಓಣಿ ತನ್ನದೇ ತೀರ್ಪು ಕೊಟ್ಟು ತನ್ನ ಕೆಲಸಕ್ಕೆ ಹೋಯಿತು.

ಅಕ್ಕನ ಮನೆಯ ಗೋಡೆಗೆ ಹತ್ತಿಕೊಂಡೇ ಗುರಪ್ಪ ಕಾಕಾನ ಮಗ್ಗದ ಶೆಡ್ಡು. ಭಾವ ದುಡಿಯುವುದೂ ಅಲ್ಲಿಯೇ. ಹೊರಗಿನವರಿಗೆ ಆ ಸದ್ದಿನಲ್ಲಿ ಎರಡು ಮಾತಾಡಲು ಆಗದು. ನೀಲಾ ಮಾತ್ರ ನಡುವಿನ ಗೋಡೆಗೆ ಅಂಗೈ ಹಚ್ಚಿ ಕೂತಳೆಂದರೆ ಊಟಕ್ಕೂ ಏಳುವುದಿಲ್ಲ. ಮಗ್ಗ ಓಡುವತನಕ ಸುಖವಾಗಿರುತ್ತಾಳೆ. ಕರೆಂಟ್ ಹೋಗಿ ಮಗ್ಗಗಳು ಒಮ್ಮೆಲೇ ನಿಂತರೆ ಕಿವಿ ಮುಚ್ಚಿಕೊಂಡು ಚೀರುತ್ತಾಳೆ. ಸದ್ದಿಗೆ ಕಿವಿ ಮುಚ್ಚುವವರನ್ನು ನೀವು ಕಂಡಿರುತ್ತೀರಿ, ಸದ್ದು ನಿಂತದ್ದಕ್ಕೆ ಕಿವಿ ಮುಚ್ಚುವವಳು ನಮ್ಮ ನೀಲಾ. ಓಣಿಯ ಸಣ್ಣ ಮಕ್ಕಳಿಗೂ ಇದು ಗೊತ್ತಿತ್ತು. ಕರೆಂಟ್ ಹೋದ ಕೂಡಲೇ ಯಾರಾದರೊಬ್ಬರು, "ನೀಲವ್ವನ್ನ ನೋಡ್ರಿ ಬೇ" ಎಂದು ಕೂಗುತ್ತಿದ್ದರು. ಇನ್ಯಾರಾದರೂ ಬಂದು ಅವಳ ಹತ್ತಿರ ಕೂತು ಡಬ್ಬಿಯನ್ನೋ ಕೊಡವನ್ನೋ ಒಂದೇ ಲಯದಲ್ಲಿ ಬಡಿಯುತ್ತಿದ್ದರು. ಕರೆಂಟ್ ಬಂದ ಮೇಲೆ ಎದ್ದು ಹೋಗುತ್ತಿದ್ದರು. ಅದನ್ನು ಯಾರೂ ಉಪಕಾರ ಎಂದು ತಿಳಿದಿರಲಿಲ್ಲ.

ಆಮೇಲೆ ನಮ್ಮ ನಡುವೆ ಸಿನಿಮಾ ಬಂತು.

ಸಿನಿಮಾ ನಂಬುವುದರಲ್ಲಿ ನನ್ನನ್ನು ಮೀರಿಸುವವರಿಲ್ಲ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ನಾನು ಸಣ್ಣವನಿದ್ದಾಗ ನಮ್ಮೂರ ಬಯಲಿಗೆ ಟೆಂಟ್ ಸಿನಿಮಾ ಬರುತ್ತಿತ್ತು. ಆ ಕಾಲದ ಚಿತ್ರಗಳಲ್ಲಿ ತಲೆಗೆ ಪೆಟ್ಟು ಬಿದ್ದರೆ ನೆನಪು ಹೋಗುತ್ತಿತ್ತು, ಇನ್ನೊಂದು ಪೆಟ್ಟು ಬಿದ್ದರೆ ಮರಳಿ ಬರುತ್ತಿತ್ತು. ನಮ್ಮ ಮನೆಯಲ್ಲಿ ಮುದಿ ಅಜ್ಜನೊಬ್ಬನಿದ್ದ. ಉಂಡದ್ದನ್ನು ಮರೆತು ಮತ್ತೆ ಊಟ ಕೇಳುವ ಅಜ್ಜ. ನಾನು ಲಟ್ಟಣಿಗೆ ಹಿಡಿದು ಅವನ ಹಿಂದೆ ನಿಂತು, ಯಾವ ಕಡೆಯಿಂದ ಹೊಡೆದರೆ ನೆನಪು ಬೇಗ ಬಂದೀತು ಎಂದು ಯೋಚಿಸುತ್ತಿರುವಾಗ ನಮ್ಮವ್ವ ಬಂದಳು. ಪೆಟ್ಟು ನನ್ನ ತಲೆಗೇ ಬಿತ್ತು. ಆ ಪೆಟ್ಟೊಂದನ್ನು ಬಿಟ್ಟರೆ ನನಗೆ ಹೆಚ್ಚಿನದೇನೂ ನೆನಪಿಗೆ ಬರಲಿಲ್ಲ. ನಗಬೇಡಿ. ಡಾಕ್ಟರ ಮಾತಿಗಿಂತ ಪರದೆಯ ಮಾತು ಬೇಗ ತಲೆಗೆ ಹೋಗುತ್ತದೆ. ಡಾಕ್ಟರು ಹಾಡುವುದಿಲ್ಲ, ಕುಣಿಯುವುದಿಲ್ಲ, ಹಿಂದೆ ಪಿಟೀಲು ಬಾರಿಸುವವರೂ ಇರುವುದಿಲ್ಲ.

ಎಲ್ಲಿದ್ದೆ? ಹಾಂ, ನೀಲಾ. ಅವಳಿಗೆ ಹದಿನೈದೋ ಹದಿನಾರೋ ಇದ್ದಾಗ ಒಂದು ಚಿತ್ರ ಬಂತು. ಅದರಲ್ಲಿ ಆಟಿಸಂ ಇರುವ ಹುಡುಗನೊಬ್ಬ. ಯಾರ ಮುಖವನ್ನೂ ನೋಡುವುದಿಲ್ಲ, ಆದರೆ ಕಳ್ಳರ ಕಾರಿನ ನಂಬರನ್ನು ಒಮ್ಮೆ ಕಂಡು ನೆನಪಿಟ್ಟು ಇಡೀ ಗುಂಪನ್ನೇ ಹಿಡಿಸಿಕೊಡುತ್ತಾನೆ. ಬನಹಟ್ಟಿಗೆ ಬನಹಟ್ಟಿಯೇ ಅದನ್ನು ಮೊಬೈಲಿನಲ್ಲಿ ನೋಡಿತು. ಮರುವಾರದಿಂದ ಅಕ್ಕನ ಮನೆಗೆ ಜನ ಬರತೊಡಗಿದರು. ಒಬ್ಬರು ಮಗ ಪಾಸಾಗುತ್ತಾನೋ ಇಲ್ಲವೋ ಕೇಳಿದರು. ಒಬ್ಬರು ಕಳೆದುಹೋದ ಮೂಗುತಿ ಎಲ್ಲಿದೆ ಎಂದರು. ಓಸಿ ಜೂಜು ಆಡುವ ಪುಣ್ಯಾತ್ಮನೊಬ್ಬ ಬಂದು ಕೈಮುಗಿದು, "ನೀಲವ್ವಾ, ಒಂದಽ ಒಂದ್ ನಂಬರ್ ಹೇಳವಾ" ಎಂದು ಕೂತುಬಿಟ್ಟ. ನೀಲಾ ಅವನ ಅಂಗಿಯ ಗುಂಡಿಯನ್ನು ಬಾಯಲ್ಲಿ ಹಾಕಿಕೊಂಡು ನೋಡಿದಳು. ಅವನು ಅದರಲ್ಲೂ ಅರ್ಥ ಹುಡುಕುತ್ತ ಎದ್ದುಹೋದ.

ನಾನು ಕಮ್ಮಿಯೇ? ಬಣ್ಣದ ಪೆಟ್ಟಿಗೆ ಒಯ್ದು ಕೊಟ್ಟೆ, ಮೂಸಿ ಬಿಟ್ಟಳು. ಗೆಳೆಯನ ಮನೆಯ ಹಾರ್ಮೋನಿಯಂ ಪೇಟಿ ಹೊತ್ತುಕೊಂಡು ಹೋದೆ, ಅದರ ಬೀಗ ತೆಗೆದು ಹಾಕಿ, ತೆಗೆದು ಹಾಕಿ ಆಡಿದಳು. ಚಿತ್ರಗಳಲ್ಲಿ ಇಂಥ ಮಕ್ಕಳಿಗೆ ನಾಯಿಯೊಡನೆ ಜನ್ಮದ ನಂಟು ಇರುತ್ತದೆಂದು ತಿಮ್ಮಾಪುರದ ಕಡೆ ಪರಿಚಯದವರ ತೋಟಕ್ಕೆ ಕರೆದುಕೊಂಡು ಹೋಗಿ ಮುಧೋಳದ ನಾಯಿಯೊಂದರ ಮುಂದೆ ನಿಲ್ಲಿಸಿದೆ. ನಾಯಿ ಒಮ್ಮೆ ಅವಳನ್ನು ಮೂಸಿ ನೆರಳಿಗೆ ಹೋಗಿ ಮಲಗಿತು. ನೀಲಾ ತಂತಿ ಬೇಲಿಯನ್ನು ನೋಡುತ್ತ ನಿಂತಳು. ಒಬ್ಬರ ಅವಶ್ಯಕತೆ ಇನ್ನೊಬ್ಬರಿಗೆ ಇರಲಿಲ್ಲ. ನಾನೊಬ್ಬನೇ ಬಿಸಿಲಲ್ಲಿ ಕಣ್ಣು ತುಂಬಿಕೊಂಡು ಕಾಯುತ್ತಿದ್ದೆ.

ಅಂದು ಮನೆಗೆ ಬಂದ ಮೇಲೆ ಅಕ್ಕ ಕೇಳಿದಳು, "ಏನ್ ಹುಡುಕಾಕತ್ತಿ ತಮ್ಮಾ ಅಕಿಯೊಳಗ?"

"ಏನರ ಒಂದು ಇರತೈತಿ ಅಕ್ಕಾ. ಎಲ್ಲಾರ್‌ಗೂ ಇರತೈತಿ."

"ಇರಲಿಲ್ಲಂದ್ರ? ಒಳಗ ಕರಕೊಳ್ಳಂಗಿಲ್ಲೇನ?"

ನಾನು ನೀರು ಕುಡಿಯುವ ನೆವ ಮಾಡಿ ಎದ್ದುಹೋದೆ.

ಇರಲಿ. ಸಿನಿಮಾ ಎರಡೂವರೆ ತಾಸಿಗೆ ಮುಗಿಯುತ್ತದೆ, ಜನ ಮರೆಯುತ್ತಾರೆ. ಸೀರಿಯಲ್ ಹಾಗಲ್ಲ, ದಿನಾ ಸಂಜೆ ಬಂದು ಮನೆಯಲ್ಲಿ ಕೂಡ್ರುತ್ತದೆ. ಹೋದ ವರ್ಷ ಅಂಥದೊಂದು ಶುರುವಾಯಿತು. ನಾಯಕಿಗೆ ಆಟಿಸಂ. ಎಷ್ಟು ಚಂದದ ಹುಡುಗಿ ಎನ್ನುತ್ತೀರಿ. ಹೆರಳಿನ ಒಂದು ಎಳೆ ಅತ್ತಿತ್ತ ಆಗುವುದಿಲ್ಲ, ತುಟಿಯ ಬಣ್ಣ ಅಳಿಸುವುದಿಲ್ಲ. ಮೂಲೆಯಲ್ಲಿ ಕೂತು ನವಿಲು ಬಿಡಿಸುತ್ತಾಳೆ. ಮಿಕ್ಸರ್ ತಿರುಗಿದರೆ ಎರಡೂ ಕೈಯಿಂದ ಕಿವಿ ಮುಚ್ಚಿ ನಡುಗುತ್ತಾಳೆ. ಓಣಿಯ ಹೆಣ್ಣುಮಕ್ಕಳು ಅವಳಿಗಾಗಿ ಅತ್ತದ್ದನ್ನು ನಾನು ಕಂಡಿದ್ದೇನೆ. ಗುರಪ್ಪ ಕಾಕಾನ ಹೆಂಡತಿ ಒಂದು ದಿನ ಅಕ್ಕನ ಕೈ ಹಿಡಿದು, "ನೀಲವ್ವಗ ಆಟಿಸಂ ಐತಲ್ಲ ಬೇ, ನಮಗ ಯಾಕ ಮೊದಲಽ ಹೇಳಲಿಲ್ಲ?" ಎಂದು ಕೇಳಿದಳು. ಹದಿನೆಂಟು ವರ್ಷದಿಂದ ಅದನ್ನೇ ಹೇಳುತ್ತ ಬಂದಿದ್ದಳು ಅಕ್ಕ.

ಸೀರಿಯಲ್ಲಿನಿಂದ ಒಳ್ಳೆಯದು ಆಗಲೇ ಇಲ್ಲ ಎಂದರೆ ನನ್ನ ನಾಲಿಗೆ ಸುಟ್ಟೀತು. "ಮಬ್ಬಿ" ಎಂದು ಚಾಷ್ಟಿ ಮಾಡುತ್ತಿದ್ದ ಆಟೋದ ಹುಡುಗರು ಅವಳನ್ನು ಕಂಡರೆ ಗಾಡಿ ನಿಧಾನ ಮಾಡತೊಡಗಿದರು. ತಾಯತ ಕಟ್ಟಿಸು, ದೃಷ್ಟಿ ತೆಗೆಸು ಎಂಬ ಸಲಹೆಗಳು ನಿಂತವು. ಆದರೆ ಅದರ ಜೊತೆಗೆ ಇನ್ನೊಂದು ಆಯಿತು. ಇಪ್ಪತ್ತು ವರ್ಷ ಕಣ್ಣಾರೆ ಕಂಡದ್ದನ್ನು ಓಣಿ ಮರೆಯತೊಡಗಿತು. ಒಂದು ದಿನ ಗುರಪ್ಪ ಕಾಕಾ ನನ್ನನ್ನು ಶೆಡ್ಡಿನ ಹೊರಗೆ ಕರೆದು, ತಪ್ಪು ಮಾಡಿದವನ ಹಾಗೆ ಹೇಳಿದ.

"ಇಷ್ಟ್ ವರ್ಷ ಆ ಹುಡುಗಿ ಕಿವ್ಯಾಗ ಮಗ್ಗಾ ಬಡದ್ವಿ ನೋಡೋ ಬಸೂ. ಎಷ್ಟ್ ತ್ರಾಸ ಆಗಿರಬೇಕು."

"ಅಲ್ಲೋ ಕಾಕಾ, ಮಗ್ಗ ನಿಂತ್ರಽ ಅಲ್ಲೇನ ಅಕಿ ಚೀರೋದು?"

"ಅದು ನಮ್ಮ ತಿಳುವಳಿಕಿ ಅಪಾ. ಟೀವಿಯವರು ದೊಡ್ಡ ದೊಡ್ಡ ಡಾಕ್ಟರ್‌ನ ಕೇಳಿ ಮಾಡಿರತಾರ. ಅವರಿಗೆ ಗೊತ್ತಿರಂಗಿಲ್ಲೇನ?"

ನನಗೂ ಹೌದೆನ್ನಿಸಿತು. ಲಟ್ಟಣಿಗೆ ಹಿಡಿದು ಅಜ್ಜನ ಹಿಂದೆ ನಿಂತವನು ನಾನೇ ಅಲ್ಲವೇ.

ಇಂಥ ಹೊತ್ತಿನಲ್ಲಿ ಹುನ್ನೂರಿನಿಂದ ಸಂಬಂಧ ಬಂತು. ಭಾವನ ಕಡೆಯಿಂದ ದೂರದ ನೆಂಟಸ್ತಿಕೆ ಇದ್ದ ಮಹಾದೇವಿ ಎಂಬಾಕೆ. ಗಂಡ ಇಲ್ಲ, ಮಗನೊಬ್ಬ. ಒಕ್ಕಲುತನ ಮಾಡುವ ಹುಡುಗನೆಂದು ಹೆಣ್ಣು ಸಿಗದೆ ಅವನಿಗೆ ಮೂವತ್ತೈದು ದಾಟಿತ್ತು. ಸೀರಿಯಲ್ಲಿನಲ್ಲಿ ನಾಯಕನ ತಾಯಿ ಆ ಹುಡುಗಿಯನ್ನು ಸೊಸೆ ಮಾಡಿಕೊಳ್ಳಲು ಒಪ್ಪಿದ ವಾರವೇ ಮಹಾದೇವಿಯ ಫೋನು ಬಂದದ್ದು. ಕೆಟ್ಟ ಹೆಂಗಸಲ್ಲ. ತಾನೊಂದು ಪುಣ್ಯದ ಕೆಲಸ ಮಾಡುತ್ತಿದ್ದೇನೆ ಎಂದೇ ನಂಬಿದ್ದಳು. "ಕೊರಳಿಗೆ ತಾಳಿ ಬಿತ್ತಂದ್ರ ಎಲ್ಲಾ ಸರಿ ಹೋಗತೈತ್ರಿ. ನಾ ಮಗಳಂಗ ನೋಡಕೋತೀನಿ" ಎಂದಳಂತೆ.

ಭಾವ ಎಂದಿನಂತೆ "ನೋಡೂಣು" ಎಂದು ಮಗ್ಗಕ್ಕೆ ಹೋದ. ನನಗೆ ನಿಲ್ಲಲಾಗಲಿಲ್ಲ, ಕೂಡ್ರಲಾಗಲಿಲ್ಲ. ಹುನ್ನೂರಿನ ಆ ಮನೆಯನ್ನು ನಾನು ಬಲ್ಲೆ. ಕಬ್ಬಿನ ನಡುವಿನ ತೋಟದ ಮನೆ. ಗಾಳಿ ಬಿಟ್ಟರೆ ಸದ್ದಿಲ್ಲ. ಗೋಡೆಗೆ ಅಂಗೈ ಹಚ್ಚಿದರೆ ಬರೀ ಗೋಡೆ. ಅವಳ ಹಸಿವು, ಅವಳ ಹೊಟ್ಟೆನೋವು, ಅವಳು ತಿಂಗಳಿಗೊಮ್ಮೆ ಹೊರಗೆ ಕೂಡ್ರುವುದು ಯಾವುದನ್ನೂ ಅರಿಯದ ಜನರ ನಡುವೆ ಈ ಹುಡುಗಿ ಹೇಗೆ ಬದುಕುತ್ತಾಳೆ? ಹೋಗಿ ಅಕ್ಕನ ಮುಂದೆ ನಿಂತೆ.

"ಅಕಿಗೆ ಲಗ್ನ ಅಂದ್ರೇನು ಅನ್ನೂದರ ಗೊತ್ತೈತೇನ ಅಕ್ಕಾ?"

"ನನಗರ ಗೊತ್ತಿತ್ತೇನ? ಹದಿನಾರಕ್ಕ ಕೊಟ್ರು, ಬಂದೆ."

"ಅದು ಬ್ಯಾರೆ, ಇದು ಬ್ಯಾರೆ."

ಅಕ್ಕ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು. "ನಾ ಸತ್ತ ಮ್ಯಾಲ ಅಕಿನ್ನ ಯಾರ್ ನೋಡ್ತಾರ? ಅದನ್ನ ಹೇಳು ಮೊದಲ. ನೀ ನೋಡ್ತಿ? ಸ್ಕೂಟರ್ ಮ್ಯಾಲ ಕಟಗೊಂಡು ತಿರಗ್ತಿ?"

ಅಕ್ಕನಿಗೆ ಸೀರಿಯಲ್ ಮರುಳು ಹಿಡಿದಿರಲಿಲ್ಲ. ಹಿಡಿದಿದ್ದದ್ದು ಭಯ. ಭಯ ಇದ್ದವರಿಗೆ ಟೀವಿ ಹೇಳಿದ್ದೂ ಒಂದು ದಾರಿಯ ಹಾಗೆ ಕಾಣುತ್ತದೆ.

ನೋಡುವ ದಿನ ಬಂತು. ಅಕ್ಕ ತನ್ನ ಹಳೆಯ ಇಳಕಲ್ ಸೀರೆಯನ್ನು ಮತ್ತೆ ಮತ್ತೆ ಒಗೆದು ಮೆತ್ತಗೆ ಮಾಡಿ ನೀಲಾಳಿಗೆ ಉಡಿಸಿದ್ದಳು. ಗಟ್ಟಿ ಬಟ್ಟೆ ಅವಳಿಗೆ ಆಗದು. ಮಹಾದೇವಿ, ಅವಳ ಮಗ ಬಂದು ಜಮಖಾನೆಯ ಮೇಲೆ ಕೂತರು. ಮಗ ತಲೆ ಬಗ್ಗಿಸಿ ಮೊಬೈಲಿನ ಅಂಚನ್ನು ಉಗುರಿನಿಂದ ಕೆರೆಯುತ್ತಿದ್ದ. ನೀಲಾ ಗೋಡೆಗೆ ಅಂಗೈ ಹಚ್ಚಿ ಶಾಂತವಾಗಿ ಕೂತಿದ್ದಳು. ಖರೆ ಹೇಳಬೇಕೆಂದರೆ ಅಂದು ಅವಳು ಚಂದ ಕಾಣುತ್ತಿದ್ದಳು. ಅಕ್ಕ ಉಪ್ಪಿಟ್ಟಿನ ತಾಟು ತಂದಿಟ್ಟಳು. ಮಹಾದೇವಿಯ ಮುಖ ಅರಳಿತು.

ಅಷ್ಟರಲ್ಲಿ ಶೆಡ್ಡಿನ ಮಗ್ಗಗಳೆಲ್ಲ ನಿಂತವು.

ಕರೆಂಟ್ ಹೋಗಿರಲಿಲ್ಲ, ನಮ್ಮ ತಲೆಯ ಮೇಲೆ ಫ್ಯಾನು ತಿರುಗುತ್ತಲೇ ಇತ್ತು. ಬೀಗರು ಬಂದರೆಂದು ತಿಳಿದು, ಹುಡುಗಿಗೆ ಸದ್ದಿನ ತ್ರಾಸ ಬೇಡವೆಂದು, ಗುರಪ್ಪ ಕಾಕಾ ದುಡಿಮೆ ಬಿಟ್ಟು ಎಲ್ಲವನ್ನೂ ಬಂದ್ ಮಾಡಿಸಿದ್ದ. ಭಾವನೂ ತನ್ನ ಮಗ್ಗ ನಿಲ್ಲಿಸಿ ಬಾಗಿಲಿಗೆ ಬಂದು ನಿಂತಿದ್ದ. ಓಣಿ ಒಮ್ಮೆಲೇ ಮೌನವಾಯಿತು. ಪ್ರೀತಿಯಿಂದಲೇ ಮಾಡಿದ್ದು, ಯಾರನ್ನು ಬಯ್ಯಲಿ?

ನೀಲಾ ಗೋಡೆಗೆ ಇನ್ನೊಂದು ಅಂಗೈ ಹಚ್ಚಿದಳು. ಗೋಡೆಯಲ್ಲಿ ಏನೂ ಇರಲಿಲ್ಲ. ಕಿವಿ ಮುಚ್ಚಿಕೊಂಡು ಚೀರತೊಡಗಿದಳು. ಸೀರೆ ಕಾಲಿಗೆ ತೊಡಕಿ ಬಿದ್ದಳು, ಎದ್ದಳು, ಹಣೆಯನ್ನು ಗೋಡೆಗೆ ಬಡಿಯತೊಡಗಿದಳು. ಮಹಾದೇವಿ ಗಾಬರಿಯಾಗಿ ಮಗನ ಕಡೆ ಸರಿದಳು. ನಾನು ಶೆಡ್ಡಿನ ಕಡೆ ಓಡಬೇಕೋ ನೀಲಾಳನ್ನು ಹಿಡಿಯಬೇಕೋ ತಿಳಿಯದೆ ಅಲ್ಲಿಂದಿಲ್ಲಿಗೆ ಇಲ್ಲಿಂದಲ್ಲಿಗೆ ತಿರುಗುತ್ತಿದ್ದೆ.

ಅಕ್ಕ ಮಹಾದೇವಿಯ ಮುಂದಿನ ತಾಟನ್ನು ಎತ್ತಿದಳು. ಉಪ್ಪಿಟ್ಟನ್ನು ಜಮಖಾನೆಯ ಮೇಲೆಯೇ ಸುರುವಿ, ಸೌಟಿನಿಂದ ತಾಟು ಬಡಿಯತೊಡಗಿದಳು. ಟಕ್ಕಟಕ್, ಟಕ್ಕಟಕ್, ಮಗ್ಗದ ಲಯದಲ್ಲಿ. ಬೀಗರ ಮುಂದೆ ಸೆರಗು ಜಾರಿದ್ದು ಸಹ ಅವಳಿಗೆ ಅರಿವಿರಲಿಲ್ಲ. ಬಡಿಯುತ್ತ ಬಡಿಯುತ್ತ ಮಗಳ ಪಕ್ಕಕ್ಕೆ ಹೋಗಿ ಕೂತಳು. ನಿಧಾನವಾಗಿ ಚೀರಾಟ ನರಳಾಟವಾಯಿತು. ಭಾವ ಓಡಿಹೋಗಿ ಮಗ್ಗಗಳನ್ನು ಚಾಲೂ ಮಾಡಿಸಿದ.

ಎಲ್ಲರಿಗೂ ಉಸಿರು ಬಂದ ಮೇಲೆ ಮಹಾದೇವಿ ಕೇಳಿದಳು, "ಚಿತ್ರಾ ಬರೀತಾಳೇನ್ರಿ?"

"ಇಲ್ರಿ" ಎಂದಳು ಅಕ್ಕ.

"ಹಾಡು ಗೀಡು?"

"ಇಲ್ರಿ."

"ಲೆಕ್ಕಾ?"

"ಅದೂ ಇಲ್ರಿ."

"ಮತ್ತೇನ್ ಮಾಡ್ತಾಳ್ರಿ?"

"ಇರ್ತಾಳ್ರಿ" ಎಂದಳು ಅಕ್ಕ. "ನಮ್ಮ ಜೋಡಿ ಇರ್ತಾಳ."

ಮಹಾದೇವಿ ನಿಜವಾದ ಮರುಕದಿಂದಲೇ ಹೇಳಿದಳು. "ತಪ್ಪ ತಿಳಕೋಬ್ಯಾಡ್ರಿ. ಇದು ಆಟಿಸಂ ಅಲ್ರಿ. ನಾ ದಿನಾ ಟೀವ್ಯಾಗ ನೋಡ್ತೀನಿ, ಅಂಥಾ ಹುಡುಗ್ಯಾರು ಹಿಂಗ ಮಾಡಂಗಿಲ್ಲ. ಪಾಪ, ಎಷ್ಟ್ ಶಾಂತ ಇರ್ತಾಳ ಅಕಿ. ಇಕಿಗೆ ಬ್ಯಾರೆ ಏನೋ ಆಗೇತಿ. ಛಲೋ ಡಾಕ್ಟರ್‌ಗೆ ತೋರಸ್ರಿ."

ಹೀಗೆ ನಮ್ಮ ನೀಲಾ ತನ್ನದೇ ಪರೀಕ್ಷೆಯಲ್ಲಿ ನಾಪಾಸಾದಳು. ಅವರು ಹೋದ ಮೇಲೆ ನನಗೆ ನಗು ಬಂತು, ಸಿಟ್ಟು ಬಂತು, ಕೊನೆಗೆ ಸ್ಕೂಟರ್ ಒದ್ದು ಮುಧೋಳದವರೆಗೆ ಸುಮ್ಮನೆ ಹೋಗಿ ಬಂದೆ. ಸಂಬಂಧ ಮುರಿಯಿತೆಂದು ಒಳಗೊಳಗೇ ಹಗುರಾಗಿತ್ತು. ಅಕ್ಕನಿಗೂ ಹಾಗೆಯೇ ಆಗಿದೆ ಎಂದುಕೊಂಡೆ. ಅವಳ ಮುಖ ನೋಡಿದರೆ ಹಾಗೆ ಕಾಣಲಿಲ್ಲ.

ಸೀರಿಯಲ್ ಅಲ್ಲಿಗೇ ನಿಲ್ಲಬೇಕಲ್ಲ. ತಿಂಗಳೊಪ್ಪತ್ತಿನಲ್ಲಿ ಅದರ ಲಗ್ನದ ಕಂತು ಬಂತು. ನಾನು ಅಂದು ಅಕ್ಕನ ಮನೆಯಲ್ಲಿದ್ದೆ. ಗುರಪ್ಪ ಕಾಕಾನ ಹೆಂಡತಿಯಿಂದ ಹಿಡಿದು ಅರ್ಧ ಓಣಿ ನಡುಮನೆಯಲ್ಲಿ ಕೂತಿತ್ತು. ನಾಯಕ ತಾಳಿ ಕಟ್ಟಿದ. ಹಿಂದೆ ಶಹನಾಯಿ. ಹುಟ್ಟಿದಾಗಿನಿಂದ ಮಾತಾಡದ ನಾಯಕಿ ನಿಧಾನವಾಗಿ ಮುಖವೆತ್ತಿ, ತಾಯಿಯ ಕಣ್ಣಲ್ಲಿ ಕಣ್ಣಿಟ್ಟು, "ಅಮ್ಮಾ" ಎಂದಳು. ಓಣಿಯೇ ಬಿಕ್ಕಿತು. "ಆರಾಮಾತು ಬೇ ಅಕಿಗೆ!" ಎಂದು ಒಬ್ಬಳು ಚಪ್ಪಾಳೆ ತಟ್ಟಿದಳು. ಅಕ್ಕನ ಕೆನ್ನೆ ತೊಯ್ದಿತ್ತು. ನೀಲಾ ಗೋಡೆಯ ಹತ್ತಿರ ಕೂತು ತೂಗುತ್ತಿದ್ದಳು.

ಜನ ಎದ್ದುಹೋಗುವ ಮುನ್ನವೇ ಫೋನು ಬಂತು. ಮಹಾದೇವಿ. ಅಕ್ಕ ಸ್ಪೀಕರ್ ಹಾಕಿದಳು.

"ನೋಡಿದ್ರೇನ್ರಿ? ಅಕಿ ಮಾತಾಡಿದಳ್ರಿ! ತಾಳಿ ಬಿದ್ದ ಕೂಡಲೇ ಮಾತಾಡಿದಳು. ನಾ ಅವತ್ತ ದುಡುಕಿದೆ ಅನಸ್ತೈತ್ರಿ. ಡಾಕ್ಟರ್ ಪಾಕ್ಟರ್ ಏನೂ ಬ್ಯಾಡ. ನಮ್ಮ ಹುಡುಗನ್ನ ಒಪ್ಪಸ್ತೀನಿ. ನೀವು ಹ್ಞೂಂ ಅನ್ರಿ, ನಿಮ್ಮಾಕಿಗೂ ಆರಾಮ ಆಗತೈತಿ."

ನಡುಮನೆಯಲ್ಲಿದ್ದವರೆಲ್ಲ ಅಕ್ಕನ ಬಾಯಿ ನೋಡುತ್ತಿದ್ದರು. ಗುರಪ್ಪ ಕಾಕಾನ ಹೆಂಡತಿ, "ಹ್ಞೂಂ ಅನ್ನ ಬೇ" ಎಂದು ಮೊಣಕೈ ತಿವಿದಳು. ಅಕ್ಕ ಸೆರಗಿನಿಂದ ಕೆನ್ನೆ ಒರೆಸಿಕೊಂಡಳು.

"ಅಕಿಗೆ ಆರಾಮ ಆತಲ್ರಿ, ಛಲೋ ಆತು" ಎಂದಳು. "ಹಂಗಾರ ಅಕಿನ್ನಽ ತಂದಕೋರಿ. ನನ್ನಾಕಿ ನಿಮ್ಮನಿಗೆ ಬಂದ್ರೂ ಹಿಂಗಽ ಇರ್ತಾಳ. ನಾಳಿನೂ ಹಿಂಗಽ."

ಫೋನಿಟ್ಟಳು. ಹೆಣ್ಣುಮಕ್ಕಳು ಒಬ್ಬೊಬ್ಬರಾಗಿ ಎದ್ದು ಹೋದರು. ಗುರಪ್ಪ ಕಾಕಾನ ಹೆಂಡತಿಯ ಹಿಂದೆ ಹೊರಟ ಅವಳ ಸೊಸೆ ಹೊಸ್ತಿಲಲ್ಲೇ ನಿಂತಳು. ನಾನು ಅಕ್ಕನಿಗೆ ಶಹಬ್ಬಾಸ್ ಎನ್ನಬೇಕೆಂದು ಬಾಯಿ ತೆರೆದೆ. ಅವಳೇ ಮೊದಲು ಮಾತಾಡಿದಳು.

"ಖರೆ ಹೇಳಲೇನೋ ತಮ್ಮಾ? ಅಕಿ ಅಮ್ಮಾ ಅಂದಾಗ ನನಗೂ ಹೌದು ಅನಸ್ತು. ಕೊಟ್ಟಬಿಡೂಣು ಅನಸ್ತು. ಹೆಂಗರ ಇರಲಿ, ಒಮ್ಮೆ ಕರೀಲಿ ನನ್ನ. ಒಮ್ಮೆ."

ನಾನು ಎದ್ದು ಟೀವಿ ಬಂದ್ ಮಾಡಿದೆ.

ಅಷ್ಟರಲ್ಲಿ ನೀಲಾ ಗೋಡೆಯ ಹತ್ತಿರದಿಂದ ಎದ್ದು ಬಂದಳು. ನಮ್ಮ ಮುಖ ನೋಡಲಿಲ್ಲ. ಅಕ್ಕನ ಮಣಿಕಟ್ಟನ್ನು ಎರಡು ಬೆರಳಿನಿಂದ ಹಿಡಿದು ಜಗ್ಗಿದಳು. ಅಕ್ಕ ಏಳಲಿಲ್ಲ. ಮತ್ತೆ ಜಗ್ಗಿದಳು. ಎಬ್ಬಿಸಿ, ಒಲೆಯತನಕ ಎಳೆದುಕೊಂಡು ಹೋಗಿ, ಆ ಕೈಯನ್ನು ಚಹಾದ ಪಾತ್ರೆಯ ಮೇಲೆ ಇಟ್ಟಳು. ನಾನೂ ಅಲ್ಲೇ ಇದ್ದೆ, ಕಾಕಾನ ಸೊಸೆ ಇನ್ನೂ ಹೊಸ್ತಿಲಲ್ಲಿ ನಿಂತಿದ್ದಳು, ಭಾವ ಆಗಲೇ ಬಂದು ಕಾಲು ತೊಳೆಯುತ್ತಿದ್ದ. ಇಷ್ಟು ಕೈಗಳಿದ್ದವು ಆ ಮನೆಯಲ್ಲಿ.

ಅಕ್ಕ ಪಾತ್ರೆಯ ಮೇಲಿದ್ದ ತನ್ನ ಕೈಯನ್ನೇ ಒಂದು ಕ್ಷಣ ನೋಡಿದಳು. ಆಮೇಲೆ ಗ್ಯಾಸ್ ಹಚ್ಚುತ್ತ, ಎಂದಿನ ಬೈಗುಳದ ದನಿಯಲ್ಲಿ ಹೇಳಿದಳು.

"ಬಂದೆ ತಡಿಯ ಬೇ. ಎಷ್ಟ್ ಸಲ ಕರೀತಿ."